ಕೆರೆಗೆ ತೂಬು ವಾಪಸ್ ಕೊಡಿ: ಬೆಂಗಳೂರಿನ ಕೆರೆಗಳ ಹೊಣೆ ಹೊತ್ತವರಿಗೆ ಬಹಿರಂಗ ಪತ್ರ

ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮುಖ್ಯ ಆಯುಕ್ತರಿಗೆ,
ಐದೂ ನಗರ ಪಾಲಿಕೆಗಳ ಕೆರೆ ಮತ್ತು ಬೃಹತ್ ನೀರುಗಾಲುವೆ ವಿಭಾಗಗಳ ಎಂಜಿನಿಯರ್‌ಗಳಿಗೆ,
ಸಣ್ಣ ನೀರಾವರಿ ಇಲಾಖೆಗೆ ಮತ್ತು ಬೆಂಗಳೂರು ಜಲಮಂಡಳಿಗೆ

ಮಾನ್ಯರೇ,

ಕೆರೆ ತುಂಬಿ ಕೋಡಿ ಬಿದ್ದರೆ, ಅಂದರೆ ಹೆಚ್ಚಾದ ನೀರು ಹೊರಹರಿವಿನ ತಗ್ಗುಗೋಡೆಯಾದ ಕೋಡಿಯನ್ನು ದಾಟಿದರೆ, ಬಾಗಿನ ಬಿಡುವುದು ನಮ್ಮ ರೂಢಿ. ಹಳ್ಳಿಯ ಕೆರೆಗೆ ಆ ಸಂಭ್ರಮ ಸಲ್ಲುತ್ತದೆ. ಕೋಡಿ ಬಿತ್ತೆಂದರೆ ಕೆಳಗಿನ ಗದ್ದೆಗಳಿಗೆ ವರ್ಷದ ನೀರಾಯಿತು ಎಂದರ್ಥ. ಆದರೆ ಬೆಂಗಳೂರಿನ ಕೆರೆಯೊಂದು ಏಪ್ರಿಲ್ ತಿಂಗಳಲ್ಲೂ ಕೋಡಿಯ ಮಟ್ಟಕ್ಕೆ ತುಂಬಿ ನಿಂತಿದ್ದರೆ ಖುಷಿಪಡುವಂಥದ್ದೇನಿಲ್ಲ. ಆ ನೀರು ಮಳೆಯದ್ದಲ್ಲ. ಮೇಲಿನ ಬಡಾವಣೆಗಳ ಬಚ್ಚಲು, ಅಡುಗೆಮನೆಗಳಿಂದ ಬಂದದ್ದು. ಶುದ್ಧೀಕರಣ ಘಟಕ ಹಾದು ಬಂದಿರಬಹುದು, ಹಾಯದೆಯೂ ಬಂದಿರಬಹುದು. ಮೇ ತಿಂಗಳ ಮೊದಲ ದೊಡ್ಡ ಮಳೆ ಸುರಿದಾಗ ಆ ಕೆರೆಯಲ್ಲಿ ಅದಕ್ಕೆ ಜಾಗ ಇರುವುದಿಲ್ಲ. ಬಂದಷ್ಟೂ ನೀರು ಒಂದೇ ಏಟಿಗೆ ಕೋಡಿ ದಾಟುತ್ತದೆ, ಇಲ್ಲವೇ ಹಿನ್ನೀರಾಗಿ ಮೇಲಿನ ಬೀದಿಗಳಿಗೆ ತಿರುಗುತ್ತದೆ.

ನಮ್ಮ ಕೋರಿಕೆ ಒಂದೇ. ಮಳೆಗಾಲಕ್ಕೆ ಮುಂಚೆ ಕೆರೆಯ ನೀರನ್ನು ಕೋಡಿಗಿಂತ ಒಂದು ಮೀಟರಿನಷ್ಟು ಇಳಿಸಿ, ಅಕ್ಟೋಬರ್ ಮುಗಿಯುವವರೆಗೆ ಹಾಗೇ ಹಿಡಿದಿಡುವ ಸಾಧನವನ್ನು ಪ್ರತಿ ಕೆರೆಗೂ ಕೊಡಿ. ಅದನ್ನು ನಡೆಸಲು ಹೆಸರಿಸಿ ನೇಮಿಸಿದ ಒಬ್ಬ ಮನುಷ್ಯನನ್ನೂ ಕೊಡಿ. ಹಿಂದೆ ಇವೆರಡೂ ಇದ್ದವು. ಒಂದರ ಹೆಸರು ತೂಬು, ಇನ್ನೊಬ್ಬನ ಹೆಸರು ನೀರಗಂಟಿ. ಅಚ್ಚುಕಟ್ಟಿನ ಗದ್ದೆಗಳು ಸೈಟುಗಳಾದ ಮೇಲೆ ತೂಬಿಗೆ ಕೆಲಸವಿಲ್ಲವೆಂದು ಅದಕ್ಕೆ ಕಾಂಕ್ರೀಟು ತುಂಬಿದರು, ಇಲ್ಲವೇ ಏರಿಯನ್ನು (ಕೆರೆಯ ಮಣ್ಣಿನ ಕಟ್ಟೆಯನ್ನು) ಅಗಲ ಮಾಡುವಾಗ ಮಣ್ಣಿನಡಿ ಮುಚ್ಚಿದರು. ತೂಬಿನ ಜೋಡಿ ಕಲ್ಲುಕಂಬಗಳು ಇನ್ನೂ ಕೆಲವು ಕೆರೆಗಳ ಅಂಗಳದಲ್ಲಿ ನಿಂತಿವೆ, ವಾಕಿಂಗಿಗೆ ಬಂದವರು ಅವುಗಳ ಮೇಲೆ ಕೂತ ಬೆಳ್ಳಕ್ಕಿಯ ಫೋಟೋ ತೆಗೆಯುತ್ತಾರೆ. ಹೀಗಾಗಿ ಕೆರೆಗೆ ಈಗ ಉಳಿದಿರುವುದು ಕೋಡಿ ಒಂದೇ. ಕೋಡಿಗೆ ನೀರು ತಾನಾಗಿ ಮೇಲೇರಿದಾಗ ಬಿಡುವುದು ಗೊತ್ತು, ಮುಂಚಿತವಾಗಿ ಇಳಿಸುವುದು ಗೊತ್ತಿಲ್ಲ.

ಲೆಕ್ಕ ಹಾಕಿ ನೋಡೋಣ. 50 ಎಕರೆಯ ಕೆರೆ, ಅದಕ್ಕೆ 4 ಚದರ ಕಿಲೋಮೀಟರ್ ಜಲಾನಯನ ಪ್ರದೇಶ ಎಂದಿಟ್ಟುಕೊಳ್ಳಿ. ಒಂದು ಗಂಟೆಯಲ್ಲಿ 50 ಮಿ.ಮೀ. ಮಳೆ ಬಿತ್ತು. ನೆಲ ಹೊಲ-ತೋಪುಗಳಾಗಿದ್ದ ಕಾಲದಲ್ಲಿ ಬಿದ್ದದ್ದರಲ್ಲಿ ಶೇ 30ರಷ್ಟು ಹರಿದು ಬರುತ್ತಿತ್ತು ಎಂದುಕೊಂಡರೆ, ಕೆರೆಗೆ ನುಗ್ಗುವ ಗರಿಷ್ಠ ಹರಿವು ಸೆಕೆಂಡಿಗೆ ಸುಮಾರು 17 ಘನ ಮೀಟರ್. ಅದೇ ನೆಲಕ್ಕೆ ತಾರಸಿ, ಡಾಂಬರು, ಪಾರ್ಕಿಂಗ್ ಟೈಲ್ಸ್ ಹಾಸಿ ಶೇ 80 ಹರಿಯುವಂತಾದರೆ 44 ಘನ ಮೀಟರ್. ಹತ್ತು ಮೀಟರ್ ಉದ್ದದ ಹಳೆಯ ಕೋಡಿಯ ಮೇಲೆ 60 ಸೆಂ.ಮೀ. ನೀರು ಹರಿದರೂ ಅದು ಸಾಗಿಸಬಲ್ಲದ್ದು ಸುಮಾರು 8 ಘನ ಮೀಟರ್ ಮಾತ್ರ. ಉಳಿದದ್ದನ್ನು ಕೆರೆಯೇ ತಾಳಿಕೊಳ್ಳಬೇಕು.

ತಾಳಿಕೊಳ್ಳುತ್ತದೆ, ಹೊಟ್ಟೆ ಖಾಲಿಯಿದ್ದರೆ. ಆ ಒಂದು ಗಂಟೆಯ ಮಳೆಯಿಂದ ಬರುವ ನೀರು 1.6 ಲಕ್ಷ ಘನ ಮೀಟರ್. 50 ಎಕರೆಯ ಮೇಲೆ ಅದು ಸುಮಾರು 80 ಸೆಂ.ಮೀ. ಏರಿಕೆ. ಕೆರೆ ಒಂದು ಮೀಟರ್ ಇಳಿದಿದ್ದರೆ ಇಡೀ ಮಳೆ ಒಳಗೇ ಅಡಗುತ್ತದೆ, ಕೋಡಿಯ ಮೇಲೆ ಒಂದು ಹನಿಯೂ ಹರಿಯುವುದಿಲ್ಲ. 2022ರ ಸೆಪ್ಟೆಂಬರ್ 4ರ ರಾತ್ರಿ ಬಿದ್ದ 131.6 ಮಿ.ಮೀ. ಮಳೆಯನ್ನು ಇದೇ ಕೆರೆಯ ಮೇಲಿಟ್ಟು ನೋಡಿದರೆ ಬರುವ ನೀರು 4.2 ಲಕ್ಷ ಘನ ಮೀಟರ್. ಖಾಲಿ ಬಿಟ್ಟ ಒಂದು ಮೀಟರಿನಲ್ಲಿ ಅದರ ಅರ್ಧದಷ್ಟು ನಿಲ್ಲುತ್ತದೆ. ಉಳಿದರ್ಧ ಹರಿಯಲೇಬೇಕು, ಆದರೆ ತಡವಾಗಿ, ನಿಧಾನವಾಗಿ ಹರಿಯುತ್ತದೆ. ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಗಳಲ್ಲಿ ಟ್ರ್ಯಾಕ್ಟರ್ ಮೇಲೆ ಆಫೀಸಿಗೆ ಹೋದ ಆ ವಾರದಲ್ಲಿ ನಮಗೆ ಬೇಕಿದ್ದದ್ದು ಆ ನಿಧಾನ.

ಇಲ್ಲೇ ಒಂದು ತಪ್ಪು ನಂಬಿಕೆಯ ಬಗ್ಗೆ ಹೇಳಿಬಿಡಬೇಕು. ನೆರೆ ಬಂದಾಗಲೆಲ್ಲ “ಹೂಳು ತೆಗೆಸಿ” ಎಂಬ ಕೂಗು ಏಳುತ್ತದೆ, ಟೆಂಡರೂ ಆಗುತ್ತದೆ. ನೀರು ಕೋಡಿಯ ಮಟ್ಟಕ್ಕೇ ನಿಲ್ಲುವ ಕೆರೆಯಲ್ಲಿ ತಳವನ್ನು ಇನ್ನೂ ಎರಡು ಮೀಟರ್ ಅಗೆದರೆ ನೆರೆಗೆ ಒಂದು ಕೊಡ ಜಾಗವೂ ಹೆಚ್ಚುವುದಿಲ್ಲ. ಅಗೆದ ಗುಂಡಿಯಲ್ಲಿ ಕೊಳಚೆ ತುಂಬಿ ನಿಲ್ಲುತ್ತದೆ, ಅಷ್ಟೇ. ನೆರೆಗೆ ಲೆಕ್ಕಕ್ಕೆ ಬರುವುದು ನೀರಿನ ಮಟ್ಟಕ್ಕೂ ಕೋಡಿಯ ತಲೆಗೂ ನಡುವಿನ ಅಂತರ. ಕುಡಿಯುವ ನೀರಿಗೆ, ಅಂತರ್ಜಲಕ್ಕೆ ಹೂಳೆತ್ತುವುದರ ಅರ್ಥ ಬೇರೆ. ನೆರೆಯ ಹೆಸರಿನಲ್ಲಿ ಹೂಳೆತ್ತುವುದು ದುಡ್ಡು ದಂಡ. ಅಂಚಿನ ಇಳಿಜಾರನ್ನೆಲ್ಲ ಕೆರೆದು ಬಟ್ಟಲಿನಂತೆ ಮಾಡಿಟ್ಟ ಕೆರೆಗಳಲ್ಲಿ ಕಾಲಿಡಲು ಆಳವಿಲ್ಲದ ನೀರು ಸಿಗದೆ ಹಕ್ಕಿಗಳೂ ದೂರವಾಗಿವೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಅಭಿವೃದ್ಧಿಯ ಹೆಸರಿನಲ್ಲಿ ಕೋಡಿಯ ಮೇಲೆ ಎರಡು ವರಸೆ ಕಲ್ಲು ಕಟ್ಟಿ ಮಟ್ಟ ಏರಿಸುವುದು. ಮೂವತ್ತು ಸೆಂ.ಮೀ. ಏರಿಸಿದರೆ ಏರಿಯ ಮೇಲೆ ಉಳಿದಿದ್ದ ಸುರಕ್ಷತೆಯ ಅಂತರ ಅಷ್ಟೇ ಕಡಿಮೆಯಾಗುತ್ತದೆ, ಹಿನ್ನೀರು ಮೇಲಿನ ಬಡಾವಣೆಯ ಚರಂಡಿಗೆ ಹೊಗುತ್ತದೆ.

ಈಗ ಸಾಧನದ ಮಾತು. 2022ರ ನೆರೆಯ ನಂತರ ಕೆರೆಗಳಿಗೆ ಗೇಟು ಹಾಕುವುದಾಗಿ ಸರ್ಕಾರವೇ ಹೇಳಿತು. ಒಳ್ಳೆಯದು. ಆದರೆ ಯಾವ ಗೇಟು, ಎಷ್ಟು ದೊಡ್ಡದು, ಎಲ್ಲಿ ಎಂಬುದರಲ್ಲಿ ಎಡವಿದರೆ ಗೇಟೇ ಅಪಾಯವಾಗುತ್ತದೆ.

ಹಳೆಯ ಮಣ್ಣಿನ ಏರಿ ನೀರು ಕುಡಿದು ಕೂತಿರುತ್ತದೆ. ಕೆರೆಯ ನೀರನ್ನು ಸರಕ್ಕನೆ ಇಳಿಸಿದರೆ ಏರಿಯೊಳಗಿನ ನೀರು ಅಷ್ಟು ಬೇಗ ಹೊರಬರುವುದಿಲ್ಲ. ಹೊರಗಿನ ಆಸರೆ ತಪ್ಪಿ, ಒಳಗಿನ ಭಾರ ಹಾಗೇ ಉಳಿದು ಒಳಮೈ ಇಳಿಜಾರು ಜಾರುತ್ತದೆ. ದಿನಕ್ಕೆ 30 ಸೆಂ.ಮೀ.ಗಿಂತ ಹೆಚ್ಚು ಇಳಿಸದಿರುವುದು ಇಂಥ ಏರಿಗಳಿಗೆ ಕ್ಷೇಮ. ಹಾಗಾಗಿ “ನಾಳೆ ಭಾರಿ ಮಳೆ” ಎಂಬ ಮುನ್ಸೂಚನೆ ಬಂದ ಮೇಲೆ ಒಂದು ಮೀಟರ್ ಖಾಲಿ ಮಾಡುತ್ತೇವೆ ಎಂಬ ಯೋಜನೆ ಕಾಗದದಲ್ಲೇ ಸೋಲುತ್ತದೆ. ಏಪ್ರಿಲ್‌ನಲ್ಲೇ ಇಳಿಸಿಟ್ಟಿರಬೇಕು. ಮುನ್ಸೂಚನೆಯನ್ನು ನಂಬಿ ಇಳಿಸುವುದೇನಿದ್ದರೂ ಕೊನೆಯ ಒಂದು ಗೇಣು. ತಡವಾದ ಬಿಡುಗಡೆ ಏನು ಮಾಡುತ್ತದೆ ಎಂಬುದನ್ನು 2015ರ ಡಿಸೆಂಬರ್‌ನಲ್ಲಿ ಚೆನ್ನೈ ಕಂಡಿದೆ. ಚೆಂಬರಂಬಾಕ್ಕಂ ಕೆರೆ ತುಂಬಿದ ಮೇಲೆ ಬಿಟ್ಟ ನೀರು ಅಡ್ಯಾರ್ ನದಿ ದಂಡೆಯ ಮನೆಗಳಿಗೆ ರಾತ್ರೋರಾತ್ರಿ ನುಗ್ಗಿತು.

ದಿನಕ್ಕೆ 30 ಸೆಂ.ಮೀ. ಎಂದರೆ ನಮ್ಮ 50 ಎಕರೆ ಕೆರೆಯಿಂದ ಸೆಕೆಂಡಿಗೆ 0.7 ಘನ ಮೀಟರ್. ಕೆರೆಯ ತಳದಲ್ಲಿ ತೆರೆಯುವ ಅಡಿಗೇಟೇ ಹಾಕುವುದಾದರೆ ಇದಕ್ಕೆ 60 ಸೆಂ.ಮೀ. ಚೌಕದ ಬಾಗಿಲು ಸಾಕಾಗಿ ಮಿಗುತ್ತದೆ. ಒಂದೂವರೆ ಮೀಟರ್ ಚೌಕದ ಗೇಟು ಇಟ್ಟು, ಎರಡು ಮೀಟರ್ ನೀರಿನ ಒತ್ತಡದಲ್ಲಿ ಯಾರೋ ಪೂರ್ತಿ ಎತ್ತಿದರೆ ಸೆಕೆಂಡಿಗೆ ಎಂಟೂವರೆ ಘನ ಮೀಟರ್ ಹೊರಬೀಳುತ್ತದೆ. ಬಿಸಿಲಿನ ದಿನದಲ್ಲಿ ಕೆಳಗಿನ ಕಾಲುವೆಯಲ್ಲಿ ಕೂಲಿಯವರು ಕಸ ಎತ್ತುತ್ತಿರುವಾಗ, ಹಳೆಯ ಕೋಡಿ ಭಾರಿ ಮಳೆಯಲ್ಲಿ ಬಿಡುವಷ್ಟು ನೀರು!

ನಮ್ಮ ಆಯ್ಕೆ ಅಡಿಗೇಟಲ್ಲ, ಹಲಗೆಯ ಕಂಡಿ. ಕೋಡಿಯ ಗೋಡೆಯಲ್ಲೇ ತಲಾ ಒಂದೂವರೆ ಮೀಟರ್ ಅಗಲ, 90 ಸೆಂ.ಮೀ. ಆಳದ ಎರಡು ಕಂಡಿ, ನಡುವೆ ಒಂದು ಕಾಂಕ್ರೀಟ್ ಕಂಬ, ಎರಡೂ ಪಕ್ಕ ಸ್ಟೇನ್‌ಲೆಸ್ ಉಕ್ಕಿನ ಚಾನೆಲ್. ಅದರೊಳಗೆ 15 ಸೆಂ.ಮೀ. ಎತ್ತರದ ಹಲಗೆಗಳು, ಕಂಡಿಗೆ ಆರರಂತೆ. ಅಣೆಕಟ್ಟು-ನಾಲೆಗಳಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದಲ್ಲ. ಹಲಗೆಯ ದೊಡ್ಡ ಗುಣ ಇದು: ತೆಗೆದ ಹಲಗೆಗಿಂತ ಕೆಳಗೆ ನೀರು ಇಳಿಯಲಾರದು. ಗೇಟನ್ನು ಯಾರೋ ಎತ್ತಿ ಮರೆತರೆ ಬೆಳಗಾಗುವಷ್ಟರಲ್ಲಿ ಕೆರೆ ಅಪಾಯದ ಮಟ್ಟಕ್ಕೆ ಇಳಿದಿರುತ್ತದೆ. ಎರಡು ಹಲಗೆ ತೆಗೆದು ಮರೆತರೆ 30 ಸೆಂ.ಮೀ.ಗೆ ನಿಂತುಬಿಡುತ್ತದೆ. ದಿನಕ್ಕೆ ಪ್ರತಿ ಕಂಡಿಯಿಂದ ಎರಡಕ್ಕಿಂತ ಹೆಚ್ಚು ಹಲಗೆ ಎತ್ತಬಾರದು ಎಂಬ ನಿಯಮ ಓದು ಬರದವರಿಗೂ ಅರ್ಥವಾಗುತ್ತದೆ. ವಾರ-ಹತ್ತು ದಿನದಲ್ಲಿ ಕೆರೆ ಬೇಕಾದ ಮಟ್ಟಕ್ಕೆ ಬರುತ್ತದೆ. ಕರೆಂಟು ಬೇಡ, ಮೋಟರು ಬೇಡ. ಮೇಲಾಗಿ ಕಂಡಿಯಿಂದ ಹೋಗುವುದು ಕೆರೆಯ ಮೇಲುನೀರು. ಅಡಿಗೇಟು ಎತ್ತಿದರೆ ಮೊದಲು ಹೊರಡುವುದು ತಳದಲ್ಲಿ ಕೊಳೆತ, ಆಮ್ಲಜನಕವಿಲ್ಲದ ಕಪ್ಪು ನೀರು. ಅದು ಕೆಳಗಿನ ಕೆರೆಗೆ ಹೋದ ದಿನ ಅಲ್ಲಿ ಮೀನು ತೇಲುತ್ತವೆ.

ಕೆಡುವುದು ಎಲ್ಲಿ? ಮರದ ಹಲಗೆ ಊದಿ ಚಾನೆಲ್ಲಿನಲ್ಲಿ ಕಚ್ಚಿಕೊಳ್ಳುತ್ತದೆ, ಆದ್ದರಿಂದ ಫೈಬರ್ ಹಲಗೆ ಇರಲಿ, ಎರಡೂ ತುದಿಗೆ ಕೊಕ್ಕೆ ಹಾಕುವ ಬಳೆ ಇರಲಿ. ಎತ್ತುವಾಗ ಮೇಲಿನದ್ದೇ ಮೊದಲು. ಕೆರೆ ತುಂಬಿದ್ದಾಗ ಅಡಿಯ ಹಲಗೆಯ ಮೇಲೆ ಇನ್ನೂರು ಕಿಲೋ ಹತ್ತಿರದ ಒತ್ತಡ ಇರುತ್ತದೆ. ಸುಣ್ಣದ ಗಾರೆಯ ಹಳೆಯ ಕೋಡಿಯನ್ನು ಬ್ರೇಕರ್ ಹಚ್ಚಿ ಒಡೆದರೆ ಇಡೀ ಕಟ್ಟಡ ಬಿರುಕು ಬಿಡುತ್ತದೆ, ಗರಗಸದಿಂದ ಕೊಯ್ದು ತೆಗೆಯಬೇಕು, ಕೂಡಲೇ ಕಾಂಕ್ರೀಟ್ ಚೌಕಟ್ಟು ಕಟ್ಟಬೇಕು. ಕಂಡಿಯಿಂದ ನೀರು ಒಂದೇ ಕಡೆ ಬೀಳುವುದರಿಂದ ಬುಡ ಕೊರೆಯುತ್ತದೆ, ಕೆಳಗೆ ನೀರು ಬಿದ್ದು ರಭಸ ಕಳೆದುಕೊಳ್ಳಲು ಕಲ್ಲು ಹಾಸಿನ ಸಣ್ಣ ತೊಟ್ಟಿ ಬೇಕು. ಅಂತರಗಂಗೆ, ಜೊಂಡು, ಥರ್ಮೋಕೋಲು ಬಂದು ಕಂಡಿಗೆ ಅಡರುತ್ತವೆ. ಹತ್ತು ಮೀಟರ್ ಮುಂದೆ ತೇಲುವ ತಡೆ ಹಾಕಿ, ದಡದಿಂದಲೇ ಕಸ ಎಳೆಯುವಂತೆ ಅದನ್ನು ಓರೆಯಾಗಿ ಕಟ್ಟಿ. ಮೀನು ಹಿಡಿಯುವ ಗುತ್ತಿಗೆದಾರರು ಮರಿಗಳು ತಪ್ಪಿಸಿಕೊಳ್ಳದಂತೆ ಕೋಡಿಗೆ ಬಲೆ ಬಿಗಿಯುತ್ತಾರೆ, ಮಳೆಯ ದಿನ ಆ ಬಲೆಯೇ ಗೋಡೆಯಾಗುತ್ತದೆ. ಅವರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಗುತ್ತಿಗೆ ಕರಾರಿನಲ್ಲೇ ಕೆರೆಯ ಮಟ್ಟದ ವೇಳಾಪಟ್ಟಿ ಬರೆದು, ಇಳಿಕೆ ಮುಗಿದ ಮೇಲೆ ಮರಿ ಬಿಡುವಂತೆ ಮಾಡಬೇಕು.

ಹಳೆಯ ತೂಬಿನ ಕಲ್ಲುನಾಲೆ ಗಟ್ಟಿಯಿದ್ದ ಕಡೆ ಅದನ್ನು ತೆರೆದು ಸಣ್ಣ ಗೇಟು ಕೂಡಿಸಬಹುದು; ತುರ್ತಿಗೆ ಪೂರ್ತಿ ಖಾಲಿ ಮಾಡಲು ಅದು ಬೇಕೂ ಹೌದು. ಆದರೆ ಹೊಸ ಪೈಪಿಗಾಗಿ ಏರಿ ಸೀಳುವುದು ಕೊನೆಯ ದಾರಿಯಾಗಲಿ. 2019ರ ನವೆಂಬರ್‌ನಲ್ಲಿ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿದ್ದು ಏರಿ ಅಗೆದದ್ದರಿಂದಲೇ. ಸೀಳಲೇಬೇಕಾದರೆ ಡಿಸೆಂಬರ್–ಮಾರ್ಚ್ ನಡುವೆ, ಕೆರೆಯೊಳಗೆ ಅಡ್ಡ ಮಣ್ಣುಕಟ್ಟೆ ಹಾಕಿಕೊಂಡು. ಮುಚ್ಚುವಾಗ ಜೇಡಿ ಬೆರೆತ ಮಣ್ಣನ್ನು 15–20 ಸೆಂ.ಮೀ. ಪದರಗಳಲ್ಲಿ ಹದವಾದ ತೇವದಲ್ಲಿ ಕುಟ್ಟಿ ಆ ಮಣ್ಣಿನ ಗರಿಷ್ಠ ಸಾಂದ್ರತೆಯ ಶೇ 95ಕ್ಕೆ ತರಬೇಕು. ಪೈಪಿನ ಹೊಟ್ಟೆಯಡಿ ರೋಲರ್ ಹೋಗುವುದಿಲ್ಲ, ಸೋರಿಕೆ ಶುರುವಾಗುವುದು ಅಲ್ಲಿಂದಲೇ. ಆದ್ದರಿಂದ ಪೈಪಿನ ಕೆಳಗೆ ಕಾಂಕ್ರೀಟ್ ತೊಟ್ಟಿಲು, ಹೊರಮೈ ತುದಿಯಲ್ಲಿ ಪೈಪನ್ನು ಸುತ್ತುವರಿದು ಮರಳಿನ ಸೋಸುಪದರ ಕೊಡಬೇಕು. ಜಿನುಗುವ ನೀರು ಹೊರಬರಲಿ, ಮಣ್ಣನ್ನು ಹೊತ್ತು ತರದಿರಲಿ.

ಕೋಡಿಯ ಉದ್ದದ ಪ್ರಶ್ನೆ ಬೇರೆ. ನೂರು ವರ್ಷಕ್ಕೊಮ್ಮೆ ಬರುವ ನೆರೆಗೆ ಏರಿ ತಾಳಬೇಕು. ಸಣ್ಣ ಅಣೆಕಟ್ಟುಗಳಿಗೆ ಭಾರತೀಯ ಮಾನಕ 11223 ಹೇಳುವುದೂ ಅದನ್ನೇ. ಕೋಡಿ ಅಗಲಿಸಲು ಪಕ್ಕದಲ್ಲಿ ಜಾಗವಿಲ್ಲದಿದ್ದರೆ ಅದೇ ಹತ್ತು ಮೀಟರಿನಲ್ಲಿ ಗೋಡೆಯನ್ನು ಅಂಕುಡೊಂಕಾಗಿ ಮಡಚಿ 30 ಮೀಟರ್ ಅಂಚು ಪಡೆಯಬಹುದು. ಅಷ್ಟೇ ಏರಿಕೆಗೆ ಎರಡೂವರೆ ಪಟ್ಟು ನೀರು ಹಾಯುತ್ತದೆ. ಆದರೆ ಕೆಳಗಿನ ರಾಜಕಾಲುವೆಗೆ ಅಷ್ಟು ಹೊರುವ ಶಕ್ತಿ ಇಲ್ಲದೆ ಇದನ್ನು ಮಾಡಿದರೆ ನೆರೆಯನ್ನು ಪಕ್ಕದ ವಾರ್ಡಿಗೆ ದಾಟಿಸಿದಂತಾಗುತ್ತದೆ. ಕೋರಮಂಗಲ ಕಣಿವೆಯಲ್ಲಿ ಕಳೆದ ಶತಮಾನದ ಆರಂಭದಲ್ಲಿ 113 ಕಿ.ಮೀ. ಇದ್ದ ಕಾಲುವೆಗಳು 2016–17ಕ್ಕೆ 63 ಕಿ.ಮೀ.ಗೆ ಇಳಿದಿದ್ದವು, ವೃಷಭಾವತಿ ಕಣಿವೆಯಲ್ಲಿ 226 ಇದ್ದದ್ದು 112 ಆಗಿತ್ತು ಎಂದು ಸರ್ಕಾರಿ ಲೆಕ್ಕ ಪರಿಶೋಧಿಸುವ ಸಿಎಜಿ 2021ರಲ್ಲೇ ಬರೆದಿದೆ. ಕಳೆದುಹೋದ ಕಾಲುವೆಯನ್ನು ಒಂದು ಬೇಸಿಗೆಯಲ್ಲಿ ವಾಪಸ್ ತರಲಾಗದು. ಕೆರೆಯ ಮಟ್ಟ ಇಳಿಸುವುದನ್ನು ತರಬಹುದು.

ಒಳಹರಿವಿನ ಕಡೆಯೂ ಒಂದು ಎಡವಟ್ಟಿದೆ. ಕೊಳಚೆ ಕೆರೆಗೆ ಬಾರದಿರಲೆಂದು ದಂಡೆಯುದ್ದಕ್ಕೂ ಡೈವರ್ಷನ್ ಕಾಲುವೆ ಕಟ್ಟಿದ್ದೇವೆ. ಆಶಯ ಸರಿ. ಆದರೆ ನೀರು ಕೆರೆಗೆ ಸೇರುವ ಬಾಯಿಯಲ್ಲಿ ತಡೆಗೋಡೆಯ ಎತ್ತರ ತಪ್ಪಿದರೆ ಮಳೆನೀರೂ ಕೆರೆಯನ್ನು ಸುತ್ತಿಕೊಂಡು ನೇರ ಕೆಳಗೆ ಓಡುತ್ತದೆ, ಕೆರೆ ಪಕ್ಕದಲ್ಲಿ ಸುಮ್ಮನೆ ಕೂತು ನೋಡುತ್ತಿರುತ್ತದೆ. ಒಣದಿನದ ಕೊಳಚೆ ಹರಿವಿನ ಎರಡು-ಮೂರು ಪಟ್ಟಿನವರೆಗೆ ಮಾತ್ರ ಡೈವರ್ಷನ್ನಿಗೆ, ಅದಕ್ಕೆ ಮೇಲ್ಪಟ್ಟದ್ದು ತಡೆ ದಾಟಿ ಕೆರೆಗೆ: ಈ ಎತ್ತರವನ್ನು ಪ್ರತಿ ಬಾಯಿಯಲ್ಲೂ ಲೆವೆಲ್ ಹಿಡಿದು ಅಳೆದು ಸರಿಪಡಿಸಿ. ತಡೆ ದಾಟಿದ ಕೂಡಲೇ ಹೂಳುಗುಂಡಿ ಇರಲಿ. ಸೆಕೆಂಡಿಗೆ 5 ಘನ ಮೀಟರ್ ಹರಿವಿಗೆ 11 ಮೀಟರ್ ಅಗಲ, ಒಂದೂವರೆ ಮೀಟರ್ ಆಳ ಇದ್ದರೆ ವೇಗ 0.3 ಮೀಟರಿಗೆ ಇಳಿದು ಮರಳು ಕೂರುತ್ತದೆ. ತಳಕ್ಕೆ ಕಾಂಕ್ರೀಟ್, ಜೆಸಿಬಿ ಇಳಿಯಲು ಇಳಿಜಾರು ಹಾದಿ, ಇವೆರಡಿಲ್ಲದ ಹೂಳುಗುಂಡಿ ಎರಡನೇ ವರ್ಷಕ್ಕೆ ಜೊಂಡಿನ ಪೊದೆಯಾಗುತ್ತದೆ.

ಜಲಮಂಡಳಿಗೆ ಒಂದು ಮಾತು. ಘಟಕದಿಂದ ದಿನಕ್ಕೆ 50 ಲಕ್ಷ ಲೀಟರ್ ಸಂಸ್ಕರಿಸಿದ ನೀರು ಕೆರೆಗೆ ಬರುತ್ತಿದ್ದರೆ, ಇಳಿಸಿಟ್ಟ ಒಂದು ಮೀಟರ್ ನಲವತ್ತು ದಿನದಲ್ಲಿ ಮತ್ತೆ ತುಂಬಿರುತ್ತದೆ. ನಾವು ಏಪ್ರಿಲ್‌ನಲ್ಲಿ ಮಾಡಿದ ಜಾಗ ಜೂನ್‌ಗೆ ಇಲ್ಲ! ಆದ್ದರಿಂದ ಮೇಯಿಂದ ಅಕ್ಟೋಬರ್‌ವರೆಗೆ ಕಂಡಿಯ ಹಲಗೆ ತೆರೆದೇ ಇರಬೇಕು; ಬಂದ ನೀರು ಬಂದಂತೆ ಹೋಗಬೇಕು. ಜಕ್ಕೂರಿನಲ್ಲಿರುವಂತೆ ಘಟಕಕ್ಕೂ ಕೆರೆಗೂ ನಡುವೆ ಜೊಂಡಿನ ತೇವಭೂಮಿ ಇದ್ದ ಕಡೆ ಹೀಗೆ ಹಾದುಹೋಗುವ ನೀರು ಕೆಳಗಿನವರಿಗೆ ಹೊರೆಯಾಗದು. ನವೆಂಬರ್ ಬಂದ ಮೇಲೆ ಹಲಗೆ ಇಳಿಸಿ, ಅದೇ ನೀರು ಡಿಸೆಂಬರ್ ಕಳೆಯುವಷ್ಟರಲ್ಲಿ ಕೆರೆಯನ್ನು ತುಂಬಿಸಿಕೊಡುತ್ತದೆ. ಕೆರೆ ಒಣಗಿಸುತ್ತಾರೆ ಎಂದು ಆತಂಕಪಡುವ ಕೆರೆ ಸಮಿತಿಗಳಿಗೆ ಈ ನಲವತ್ತು ದಿನದ ಲೆಕ್ಕ ತೋರಿಸಿ. ಮಟ್ಟ ಇಳಿಸಿದಾಗಲೂ ನಡುಭಾಗದಲ್ಲಿ ಒಂದೂವರೆಯಿಂದ ಎರಡು ಮೀಟರ್ ನೀರು ಉಳಿಯಲೇಬೇಕು. ಅಷ್ಟು ಆಳವಿಲ್ಲದ ಕೆರೆಗಳಲ್ಲಿ ಇಳಿಕೆ ಅರ್ಧ ಮೀಟರಿಗೆ ನಿಲ್ಲಲಿ.

ನಮ್ಮ ಕೆರೆಗಳು ಸರಪಳಿ. ಕಸವನಹಳ್ಳಿ, ಕೈಕೊಂಡ್ರಹಳ್ಳಿ, ಸೌಳ್ ಕೆರೆಗಳ ನೀರು ಕೊನೆಗೆ ವರ್ತೂರು ಸೇರಿ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಬೆಳ್ಳಂದೂರಿನದ್ದೂ ಅಲ್ಲಿಗೇ. ಎಲ್ಲ ಕೆರೆಗಳ ಹಲಗೆ ಒಂದೇ ದಿನ ಎತ್ತಿದರೆ ಕೊನೆಯ ಕೆರೆ ಬಿಸಿಲಿನಲ್ಲೇ ಕೋಡಿ ಬೀಳುತ್ತದೆ. ಕೆಳಗಿನ ಕೆರೆಯಿಂದ ಶುರುಮಾಡಿ ಮೇಲಕ್ಕೆ ಬರಬೇಕು, ಕೆಳಗಿನದು ತನ್ನ ಮಟ್ಟ ಮುಟ್ಟಿದ ಮೇಲೆ ಅದರ ಮೇಲಿನದಕ್ಕೆ ಅಪ್ಪಣೆ. ಒಂದು ಸರಪಳಿ ಎರಡು ಪಾಲಿಕೆಗಳ ಗಡಿ ದಾಟುವುದರಿಂದ ಅಪ್ಪಣೆ ಕೊಡುವವರು ಪ್ರಾಧಿಕಾರದ ಮಟ್ಟದಲ್ಲಿ ಒಬ್ಬರೇ ಇರಬೇಕು. ಇದು ಆಗದಿದ್ದರೆ ಮೇಲೆ ಹೇಳಿದ ಹಲಗೆ, ಕಂಡಿ, ತೊಟ್ಟಿ ಎಲ್ಲ ದಂಡ.

ಮಳೆಯ ಲೆಕ್ಕವೂ ಹೊಸದಾಗಬೇಕು. ವರ್ಷದ ಸರಾಸರಿ ನೋಡಿ ಕಾಲುವೆ ಅಳೆಯುವುದಿಲ್ಲ. ಹದಿನೈದು ನಿಮಿಷ, ಅರ್ಧ ಗಂಟೆಯಲ್ಲಿ ಎಷ್ಟು ಸುರಿಯಿತು ಎಂಬುದೇ ಮುಖ್ಯ. 2024ರ ಜೂನ್ 2ರಂದು ನಗರದಲ್ಲಿ ಬಿದ್ದ 111.1 ಮಿ.ಮೀ., 1891ರಿಂದ ನಿಂತಿದ್ದ ಜೂನ್ ದಾಖಲೆಯನ್ನು ಮುರಿಯಿತು. ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ನಗರದ ತುಂಬ ಇವೆ, ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಆ ಅಂಕಿಗಳಿಂದ ಕಣಿವೆವಾರು ಮಳೆ-ತೀವ್ರತೆಯ ಕೋಷ್ಟಕ ಮಾಡಿ, ಪ್ರತಿ ಕೆರೆಯ ಇಳಿಕೆ ಎಷ್ಟಿರಬೇಕೆಂದು ಅದರಿಂದ ತೀರ್ಮಾನಿಸಿ. ಒಂದು ಮೀಟರ್ ಎಂಬುದು ನಮ್ಮ ಉದಾಹರಣೆಯ ಕೆರೆಯ ಲೆಕ್ಕ, ನಿಮ್ಮ ಕೆರೆಯದ್ದು ಬೇರೆಯಿರುತ್ತದೆ.

ಒಂದು ಮಿತಿಯನ್ನು ಮುಚ್ಚಿಡುವುದಿಲ್ಲ. ಅಕ್ಟೋಬರ್‌ನಲ್ಲಿ ಸಂಜೆಯ ಮೇಲೆ ಸಂಜೆ ಗುಡುಗು ಮಳೆ ಹಿಡಿದರೆ, ಮೊದಲ ದಿನ ತುಂಬಿದ ಜಾಗವನ್ನು ಮರುದಿನಕ್ಕೆ ಪೂರ್ತಿ ಖಾಲಿ ಮಾಡಲಾಗದು. ಮೂರು-ನಾಲ್ಕು ದಿನ ಬೇಕು. ಅಂಥ ವಾರದಲ್ಲಿ ಕೋಡಿ ಬೀಳುತ್ತದೆ. ಕೆಳಗಿನ ಬಡಾವಣೆಗೆ ಎಷ್ಟು ಹೊತ್ತಿಗೆ ನೀರು ಬರಬಹುದೆಂದು ಆಗ ಮೊಬೈಲಿಗೆ ತಿಳಿಸುವಷ್ಟಾದರೂ ವ್ಯವಸ್ಥೆ ಇರಲಿ.

ನೀರಗಂಟಿಯ ಬಗ್ಗೆ. ಸರಪಳಿಗೆ ಇಬ್ಬರು, ಪಾಳಿಯಲ್ಲಿ, ಮಳೆಗಾಲದ ಆರು ತಿಂಗಳು ರಾತ್ರಿಯೂ. ಅವರ ಬಳಿ ಕೊಕ್ಕೆ, ಟಾರ್ಚು, ಲೈಫ್ ಜಾಕೆಟ್ಟು, ಒಂದು ದಾಖಲೆ ಪುಸ್ತಕ. ದಿನಕ್ಕೆರಡು ಬಾರಿ ಮಟ್ಟ ಬರೆಯಬೇಕು, ಯಾವ ಹಲಗೆ ಎಷ್ಟು ಹೊತ್ತಿಗೆ ಎತ್ತಿದೆ ಎಂದು ಬರೆಯಬೇಕು. ಸಣ್ಣ ಗೇಟು ಇರುವ ಕಡೆ ತಿರುಗುಚಕ್ರವನ್ನು ಕಳಚಿ ಕೋಣೆಯಲ್ಲಿಡಿ, ಇಲ್ಲದಿದ್ದರೆ ಗುಜರಿಗೆ ಹೋಗುತ್ತದೆ. ತಿಂಗಳಿಗೊಮ್ಮೆ ತಿರುಪಿಗೆ ಗ್ರೀಸು, ಫೆಬ್ರವರಿ ಮತ್ತು ಏಪ್ರಿಲ್‌ನಲ್ಲಿ ಒಮ್ಮೆ ತಳದಿಂದ ತುದಿಯವರೆಗೆ ಓಡಿಸಿ ನೋಡುವುದು. ವರ್ಷವಿಡೀ ಮುಟ್ಟದ ಗೇಟು ಬೇಕಾದ ರಾತ್ರಿ ಏಳುವುದಿಲ್ಲ.

ಈ ಬೇಸಿಗೆಯಲ್ಲೇ ಎಲ್ಲ ಕೆರೆಗೂ ಕಂಡಿ ಕೊಯ್ಯಲು ಆಗದೆಂದು ಬಲ್ಲೆವು. ಮೂರು ಕೆರೆಗಳ ಒಂದು ಸರಪಳಿ ಆರಿಸಿ, ಮಾರ್ಚ್ ಒಳಗೆ ಕಂಡಿ ಮುಗಿಸಿ, ಏಪ್ರಿಲ್‌ನಲ್ಲಿ ಕೆಳಗಿನದರಿಂದ ಇಳಿಸಿ ನೋಡಿ. ಉಳಿದ ಕೆರೆಗಳಲ್ಲಿ ಈಗಲೇ ಒಂದು ಕೆಲಸ ಮಾಡಿಸಬಹುದು: ಕೋಡಿಯ ತಲೆಯನ್ನು ಸೊನ್ನೆಯಾಗಿಟ್ಟು, ಕೆಳಕ್ಕೆ ಎರಡು ಮೀಟರಿನವರೆಗೆ ಸೆಂಟಿಮೀಟರ್ ಗುರುತು ಬರೆದ ಅಳತೆಪಟ್ಟಿ, ಏರಿಯ ಮೇಲಿಂದ ಎಲ್ಲರಿಗೂ ಕಾಣುವ ಹಾಗೆ. ಮೇ 1ರ ಬೆಳಿಗ್ಗೆ ಪ್ರತಿ ಕೆರೆಯ ಪಟ್ಟಿಯಲ್ಲಿ ನೀರು ಎಷ್ಟಕ್ಕೆ ನಿಂತಿದೆ ಎಂದು ಪ್ರಕಟಿಸಿ.

ಇಂತಿ,
ಕೆರೆ–ಕಾಲುವೆಗಳ ಕೆಲಸ ಬಲ್ಲ ಕೆಲವು ಎಂಜಿನಿಯರ್‌ಗಳು